ಮಾಸಾಯಿಗಳ ಹತ್ತಿರ ಡೋಲು ಯಾಕಿಲ್ಲ? ಮಕ್ಕಳಿಗೆ ಆಫ್ರಿಕಾದ ಕುಣಿತ ಹೇಳಿಕೊಡುವ ಬಗ್ಗೆ

ಶಾಲೆಯ ವಾರ್ಷಿಕೋತ್ಸವದಲ್ಲಿ "ಆಫ್ರಿಕನ್ ಡ್ಯಾನ್ಸ್" ನೋಡದವರು ಯಾರಿದ್ದಾರೆ ಹೇಳಿ. ಮುಖಕ್ಕೆ ಮಸಿ, ಸೊಂಟಕ್ಕೆ ಸೊಪ್ಪು, ಕೈಯಲ್ಲಿ ರಟ್ಟಿನ ಈಟಿ, ಬಾಯಲ್ಲಿ ಅರ್ಥವಿಲ್ಲದ ಕೂಗು. ನನ್ನ ಮಗನನ್ನೂ ಒಂದು ವರ್ಷ ಹಾಗೇ ನಿಲ್ಲಿಸಿದ್ದರು. ನಾನು ಕೆಳಗೆ ಕೂತು ಫೋಟೊ ತೆಗೆದೆ, ಚಪ್ಪಾಳೆಯನ್ನೂ ಹೊಡೆದೆ. ರಾತ್ರಿ ಬಚ್ಚಲಲ್ಲಿ ಮಸಿ ತೊಳೆಯುವಾಗ ಅವನು ಕೇಳಿದ, "ಅಮ್ಮಾ, ಅವರು ಯಾಕೆ ಹಾಗೆ ಕುಣೀತಾರೆ?" ನನಗೆ ಉತ್ತರ ಗೊತ್ತಿರಲಿಲ್ಲ. ಆ "ಅವರು" ಯಾರು ಅನ್ನುವುದೇ ಗೊತ್ತಿರಲಿಲ್ಲ.

ಆಮೇಲೆ ಓದುತ್ತಾ ಹೋದೆ, ವಿಡಿಯೊ ನೋಡುತ್ತಾ ಹೋದೆ. ಈಗ ನಮ್ಮ ಬಡಾವಣೆಯ ಬೇಸಿಗೆ ಶಿಬಿರದಲ್ಲಿ 8ರಿಂದ 12 ವರ್ಷದ ಮಕ್ಕಳಿಗೆ ಒಂದು ವಾರ ಇದನ್ನೇ ಹೇಳಿಕೊಡುತ್ತೇನೆ. ನಾನು ನೃತ್ಯ ಕಲಿತವಳಲ್ಲ. ಹಾಗಾಗಿ ಹೆಜ್ಜೆ ಕಲಿಸುವ ಗೋಜಿಗೆ ಜಾಸ್ತಿ ಹೋಗುವುದಿಲ್ಲ. ಯಾವ ಕುಣಿತ ತೋರಿಸಿದರೂ ಮಕ್ಕಳು ಮೊದಲು ಒಂದು ಪ್ರಶ್ನೆ ಕೇಳಬೇಕು, ಅಷ್ಟೇ ನನ್ನ ನಿಯಮ. ಆ ಜಾಗದಲ್ಲಿ ಏನಿದೆ, ಏನಿಲ್ಲ?

ಇಲ್ಲಿ ಒಂದು ತೊಡಕಿದೆ. "ಕಲೆಯಲ್ಲಿ ಪರಿಸರ ಕಾಣುತ್ತದೆ" ಅಂದ ತಕ್ಷಣ ನಮ್ಮ ಮಕ್ಕಳಿಗೆ ನೆನಪಾಗುವುದು ಜೂನ್ ತಿಂಗಳಲ್ಲಿ ಗಿಡ ನೆಡುವುದು, ಪ್ಲಾಸ್ಟಿಕ್ ಬೇಡ ಎಂಬ ಘೋಷಣೆ. ಪಠ್ಯಪುಸ್ತಕ ಆ ಪದವನ್ನು ಹಾಗೆ ಒಗ್ಗಿಸಿಬಿಟ್ಟಿದೆ. ನಾನು ಆ ಪದವನ್ನೇ ಬಿಟ್ಟು "ಸುತ್ತಮುತ್ತಲು" ಅನ್ನುತ್ತೇನೆ. ಅದರಲ್ಲಿ ಮರ, ಪ್ರಾಣಿ, ಮಳೆ ಇವೆ. ಜೊತೆಗೆ ಕೆಲಸ, ಭಾಷೆ, ಕಾವಲುಗಾರ, ಪಕ್ಕದ ಮನೆಯವರು ಎಲ್ಲರೂ ಇದ್ದಾರೆ. ಇನ್ನೊಂದು, ಆಫ್ರಿಕಾ ಅಂದರೆ 54 ದೇಶ. ಭಾರತದಂಥ ಒಂಬತ್ತು ದೇಶ ಹಿಡಿಸುವಷ್ಟು ಜಾಗ. ಮರಳುಗಾಡೂ ಅಲ್ಲೇ, ಬಿಸಿಲು ಕಾಣದಷ್ಟು ದಟ್ಟ ಕಾಡೂ ಅಲ್ಲೇ. ಯಕ್ಷಗಾನ, ಭಾಂಗ್ರಾ, ಬಿಹು ಮೂರನ್ನೂ ಕಲಸಿ "ಏಷ್ಯನ್ ಡ್ಯಾನ್ಸ್" ಅಂತ ಯಾರಾದರೂ ಕುಣಿದರೆ ನಮಗೆ ಹೇಗನ್ನಿಸುತ್ತೆ ಅಂತ ಕೇಳಿದರೆ ಮಕ್ಕಳಿಗೆ ಎರಡು ನಿಮಿಷದಲ್ಲಿ ವಿಷಯ ಅರ್ಥವಾಗುತ್ತದೆ. ದೊಡ್ಡವರಿಗೆ ಸ್ವಲ್ಪ ಟೈಮ್ ಬೇಕು.

ನಾನು ಕಾಡಿನಿಂದ ಶುರು ಮಾಡುವುದಿಲ್ಲ. ಬೇಕೆಂದೇ ಗಣಿಯಿಂದ ಶುರು ಮಾಡುತ್ತೇನೆ.

1886ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಚಿನ್ನದ ದೊಡ್ಡ ನಿಕ್ಷೇಪ ಸಿಕ್ಕಿತು. ಜೊಹಾನ್ಸ್‌ಬರ್ಗ್ ಊರು ಹುಟ್ಟಿದ್ದೇ ಅದರಿಂದ. ("ಕೆಜಿಎಫ್ ಥರಾನಾ ಅಕ್ಕಾ?" ಅಂತ ಪ್ರತಿ ವರ್ಷ ಯಾರಾದರೂ ಕೇಳೇ ಕೇಳುತ್ತಾರೆ. ಹೌದು, ಹಾಗೇ. ಕೋಲಾರದಲ್ಲಿ ಬ್ರಿಟಿಷ್ ಕಂಪನಿ ಅಗೆಯಲು ಶುರು ಮಾಡಿದ್ದೂ ಅದೇ ದಶಕದಲ್ಲಿ.) ಸುತ್ತಲಿನ ಹಳ್ಳಿಗಳಿಂದ, ಪಕ್ಕದ ಮೊಜಾಂಬಿಕ್, ಲೆಸೊಥೊಗಳಿಂದ ಗಂಡಸರು ಕೂಲಿಗೆ ಬಂದರು. ಹೆಂಡತಿ ಮಕ್ಕಳನ್ನು ಕರೆದುಕೊಂಡು ಬರುವ ಹಾಗಿಲ್ಲ. ಗೋಡೆ ಕಟ್ಟಿದ ಆವರಣದೊಳಗಿನ ಹಾಸ್ಟೆಲ್‌ಗಳಲ್ಲಿ ಒತ್ತೊತ್ತಾಗಿ ಇರಬೇಕು. ನೆಲದಡಿ ಕತ್ತಲು, ಕಾಲಡಿ ನಿಂತ ಕೊಳಕು ನೀರು. ಆ ನೀರು ಬಸಿದುಹೋಗುವ ಹಾಗೆ ಮಾಡುವುದಕ್ಕಿಂತ ಕೂಲಿಯವರಿಗೆ ಒಂದೊಂದು ಜೊತೆ ಗಂಬೂಟು ಕೊಡುವುದೇ ಅಗ್ಗ ಅಂತ ಮಾಲೀಕರು ಲೆಕ್ಕ ಹಾಕಿದರು ಅನ್ನುತ್ತಾರೆ. ಕೆಲಸದ ಹೊತ್ತಲ್ಲಿ ಮಾತಾಡಲು ಬಿಡುತ್ತಿರಲಿಲ್ಲ. ಬಿಟ್ಟರೂ ಎಲ್ಲರ ಭಾಷೆ ಒಂದಲ್ಲ. ಹಾಗಾಗಿ ಬೂಟಿಗೆ ಕೈಯಿಂದ ತಟ್ಟಿ, ಕಾಲು ಕುಟ್ಟಿ, ಸದ್ದಿನಲ್ಲೇ ಒಬ್ಬರಿಗೊಬ್ಬರು ವಿಷಯ ಮುಟ್ಟಿಸುತ್ತಿದ್ದರು ಎಂಬುದು ಈ ಕುಣಿತದ ಹುಟ್ಟಿನ ಬಗ್ಗೆ ಎಲ್ಲರೂ ಹೇಳುವ ಕಥೆ.

ಆ ತಟ್ಟುವಿಕೆಯೇ ಮೇಲೆ ಬಂದ ಮೇಲೆ ಹಾಸ್ಟೆಲಿನ ಅಂಗಳದಲ್ಲಿ ಗಂಬೂಟು ಕುಣಿತವಾಯಿತು. ಹಳ್ಳಿಯಲ್ಲಿ ಕುಣಿಯುವಾಗ ಜುಲು ಜನ ಕಾಲಿಗೆ ಪತಂಗದ ಗೂಡುಗಳನ್ನು ಪೋಣಿಸಿ ಗೆಜ್ಜೆ ಕಟ್ಟಿಕೊಳ್ಳುತ್ತಿದ್ದರು, ಒಳಗೆ ಸಣ್ಣ ಕಲ್ಲು ತುಂಬಿ. ಗಣಿಯಲ್ಲಿ ಗೂಡು ಎಲ್ಲಿಂದ ತರುವುದು? ಸೋಡಾ ಬಾಟಲಿ ಮುಚ್ಚಳ ಬಂತು. ಮಾಲೀಕರಿಗೂ ಇದು ಮಜಾ ಅನ್ನಿಸಿ, ಬಂದವರ ಮುಂದೆ ಕುಣಿಸಿದರು. ಕುಣಿಯುವವರು ಹಾಡಿನಲ್ಲಿ ಅದೇ ಮಾಲೀಕರನ್ನು ಆಡಿಕೊಳ್ಳುತ್ತಿದ್ದರು, ಭಾಷೆ ತಿಳಿಯದ ಅವರು ಸುಮ್ನೆ ನಗುತ್ತಾ ಕೂತಿರುತ್ತಿದ್ದರು. ಇದನ್ನು ಕೇಳಿ ನಮ್ಮ ಶಿಬಿರದ ಮಕ್ಕಳು ಬಿದ್ದು ಬಿದ್ದು ನಗುತ್ತಾರೆ.

ತರಗತಿಯಲ್ಲಿ ನಾನು ಮಾಡುವುದು ಇಷ್ಟು. ಪರದೆ ಎಳೆದು ಲೈಟ್ ಆರಿಸುತ್ತೇನೆ. ಮಾತಾಡುವ ಹಾಗಿಲ್ಲ. ನಾಲ್ಕು ನಾಲ್ಕು ಜನರ ಗುಂಪು, ಎಲ್ಲರೂ ಶೂ ಹಾಕಿರಬೇಕು. "ನಿಲ್ಲು", "ಬಾ", "ಮೇಸ್ತ್ರಿ ಬರ್ತಿದ್ದಾನೆ", "ನನಗೆ ಗಾಯ ಆಗಿದೆ" ಈ ನಾಲ್ಕು ಮಾತನ್ನು ಬರೀ ತಟ್ಟಿ ಹೇಳಬೇಕು. ಮೊದಲ ಹತ್ತು ನಿಮಿಷ ಗಲಾಟೆ, ಕಿಸಕ್ ಅನ್ನುವ ನಗು. ಆಮೇಲೆ ನಿಧಾನಕ್ಕೆ ಒಂದು ಲಯ ಹುಟ್ಟುತ್ತದೆ. ಮುಂದೆ ಬಗ್ಗಿ, ಮೊಣಕಾಲು ಮಡಿಸಿ ನಿಂತಿರುತ್ತಾರೆ, ಯಾಕೆಂದರೆ ಶೂಗೆ ಕೈ ಎಟುಕಬೇಕಲ್ಲ. ಲೈಟ್ ಹಾಕಿ ಅಸಲಿ ಗಂಬೂಟು ಕುಣಿತದ ವಿಡಿಯೊ ತೋರಿಸಿದರೆ ಆ ಭಂಗಿಯನ್ನು ತಾವೇ ಗುರುತು ಹಿಡಿಯುತ್ತಾರೆ. ವಿಡಿಯೊ ಮೊದಲೇ ತೋರಿಸಿದರೆ ಇದು ಕೆಡುತ್ತದೆ, ಬರೀ ನಕಲು ಮಾಡುತ್ತಾರೆ. ಒಂದು ವರ್ಷ ನಾನು ಆ ತಪ್ಪು ಮಾಡಿದ್ದೇನೆ.

ಅದೇ ಹಾಸ್ಟೆಲುಗಳಿಂದ, ಕಾರ್ಖಾನೆ ಕೂಲಿಯವರ ನಡುವಿನಿಂದ ಬಂದ ಇನ್ನೊಂದು ಕಲೆ ಇದಕ್ಕೆ ಪೂರ್ತಿ ಉಲ್ಟಾ. ಇಸಿಕಾಥಮಿಯಾ ಅಂತ ಅದರ ಹೆಸರು. ಬರೆಯುವಾಗ "ಕಾ" ಅಂತ ಬರೆದೆ, ಆದರೆ ಜುಲು ಭಾಷೆಯಲ್ಲಿ ಅಲ್ಲಿರುವುದು ನಾವು ಅಯ್ಯೋ ಪಾಪ ಅಂತ ಲೊಚಗುಟ್ಟುತ್ತೇವಲ್ಲ, ಆ ಸದ್ದು. ಮಕ್ಕಳಿಗೆ ಇದನ್ನು ಹೇಳಿದರೆ ಅವತ್ತಿಡೀ ಲೊಚಗುಟ್ಟುತ್ತಲೇ ಇರುತ್ತಾರೆ, ಎಚ್ಚರಿಕೆ. ಆ ಪದದ ಬೇರಿನಲ್ಲೇ ಸದ್ದಿಲ್ಲದೆ, ಬೆಕ್ಕಿನ ಹಾಗೆ ಹೆಜ್ಜೆ ಇಡುವುದು ಎಂಬ ಅರ್ಥವಿದೆ. ಹಳ್ಳಿಯಲ್ಲಿ ಜುಲು ಗಂಡಸರ ಕುಣಿತ ಅಂದರೆ ಕಾಲನ್ನು ತಲೆಯತನಕ ಎತ್ತಿ ನೆಲಕ್ಕೆ ಧಡ್ ಅಂತ ಅಪ್ಪಳಿಸುವುದು. ಹಾಸ್ಟೆಲ್‌ನಲ್ಲಿ ರಾತ್ರಿ ಹಾಗೆ ಕುಟ್ಟಿದರೆ ಕಾವಲುಗಾರ ಬರುತ್ತಾನೆ. ಹಾಗಾಗಿ ಕಾಲು ಬೆರಳ ತುದಿಯಲ್ಲಿ ಮೆತ್ತಗೆ, ದನಿಯೂ ಮೆತ್ತಗೆ, ಒಬ್ಬರ ಮೇಲೊಬ್ಬರು ಸ್ವರ ಹೊಂದಿಸಿಕೊಂಡು ಹಾಡಿದರು. ವಾದ್ಯ ಇಲ್ಲ. ಲೇಡಿಸ್ಮಿತ್ ಬ್ಲ್ಯಾಕ್ ಮಂಬಾಜೊ ಎಂಬ ತಂಡ ಮುಂದೆ ಇದನ್ನು ಲೋಕಕ್ಕೆಲ್ಲ ಕೇಳಿಸಿತು. ಕಲಾವಿದರು ಅದೇ ಜನ, ಹೆಜ್ಜೆ ಮಾತ್ರ ಬೇರೆ, ಯಾಕೆಂದರೆ ಕಾಲ ಕೆಳಗಿನ ಜಾಗ ಬೇರೆ. ಈ ಎರಡನ್ನು ಒಂದೇ ದಿನ ಹೇಳಿದರೆ ಮಕ್ಕಳ ತಲೆಗೆ ಅರ್ಧ ಪಾಠ ಹೋದ ಹಾಗೆ.

ಎರಡನೇ ದಿನ ಮಾಸಾಯಿಗಳು. ಕೀನ್ಯಾ, ಟಾಂಜಾನಿಯಾದ ಹುಲ್ಲುಗಾವಲುಗಳಲ್ಲಿ ದನ ಮೇಯಿಸುವ ಜನ. ಅವರ ಯುವಕರು ನೆಟ್ಟಗೆ ನಿಂತು ಮೇಲಕ್ಕೆ ಹಾರುವ ಅಡುಮು ಕುಣಿತವನ್ನು ಎಲ್ಲರೂ ಎಲ್ಲೋ ಒಂದು ಕಡೆ ನೋಡಿರುತ್ತೀರಿ. ಹಿಮ್ಮಡಿ ನೆಲಕ್ಕೆ ತಾಗಿಸುವ ಹಾಗಿಲ್ಲ. ಸುತ್ತ ನಿಂತವರು ಗಂಟಲಿನ ಆಳದಿಂದ ಒಂದೇ ಲಯದಲ್ಲಿ ಹ್ಞೂಂಕರಿಸುತ್ತಾರೆ, ಒಬ್ಬ ಮುಂದಾಳು ಹಾಡು ಎತ್ತಿಕೊಡುತ್ತಾನೆ. ಹಾರುವವನು ಎತ್ತರಕ್ಕೆ ಹೋದಷ್ಟೂ ಇವರ ದನಿಯೂ ಮೇಲೇರುತ್ತದೆ. ಈಗ ಪ್ರಶ್ನೆ. ಇಲ್ಲಿ ಏನಿಲ್ಲ? ಮಕ್ಕಳು ಸ್ವಲ್ಪ ಹೊತ್ತು ನೋಡಿ ಹೇಳುತ್ತಾರೆ, ಡೋಲಿಲ್ಲ.

"ಅವರಿಗೆ ಮಾಡೋಕೆ ಬರಲ್ವಾ ಅಕ್ಕಾ?" ಅಂತ ಒಬ್ಬ ಕೇಳಿದ. ಒಳ್ಳೇ ಪ್ರಶ್ನೆ. ನಾನು ತಿರುಗಿ ಕೇಳಿದೆ, ಮಳೆ ಎಲ್ಲಿ ಬಿತ್ತೋ ಅಲ್ಲಿಗೆ ದನ ಹೊಡೆದುಕೊಂಡು ಹೋಗುತ್ತಿರಬೇಕು, ಬೆನ್ನ ಮೇಲೆ ಏನೇನು ಹೊರುತ್ತೀಯ? ಅವನು ಲೆಕ್ಕ ಹಾಕಿದ. ನೀರು, ಹಾಸಿಗೆ, ಪಾತ್ರೆ, ಪುಟ್ಟ ತಂಗಿ. ಡೋಲು ಪಟ್ಟಿಯಲ್ಲಿ ಬರಲಿಲ್ಲ. ಆ ಬಯಲಲ್ಲಿ ಡೋಲು ಕೊರೆಯುವಷ್ಟು ದಪ್ಪ ಮರಗಳೂ ಕಡಿಮೆ. ಗಂಟಲು ಮಾತ್ರ ಎಲ್ಲಿಗೆ ಹೋದರೂ ಜೊತೆಗಿರುತ್ತದೆ. ಕುತ್ತಿಗೆಯ ಅಗಲವಾದ ಮಣಿಹಾರ ಹೆಂಗಸರ ಭುಜದ ಮೇಲೆ ಕುಣಿದು ಸದ್ದು ಮಾಡುತ್ತದೆ, ಅದೇ ತಾಳ.

ಹೀಗೆ ಹೇಳುವಾಗ ಒಂದು ಗುಂಡಿಗೆ ಬೀಳುವ ಅಪಾಯವಿದೆ, ನಾನೂ ಬಿದ್ದಿದ್ದೇನೆ. ಮರ ಇಲ್ಲ, ಹಾಗಾಗಿ ಡೋಲಿಲ್ಲ. ಕಾಡಿದೆ, ಹಾಗಾಗಿ ಡೋಲಿದೆ. ಗಣಿತದ ಸೂತ್ರ ಥರ ಎಲ್ಲದಕ್ಕೂ ಹೀಗೆ ಕಾರಣ ಅಂಟಿಸುತ್ತಾ ಹೋದರೆ ಜನರಿಗೆ ಸ್ವಂತ ಬುದ್ಧಿ, ಸ್ವಂತ ಇಷ್ಟ ಇಲ್ಲವೇನೋ ಎಂಬಂತೆ ಆಗುತ್ತದೆ. ಅದಕ್ಕೇ ಮಾಸಾಯಿ ಆದ ಕೂಡಲೇ ಕ್ಯಾಮರೂನ್ ದೇಶದ ಬಾಕಾ ಹೆಂಗಸರ ವಿಡಿಯೊ ಹಾಕುತ್ತೇನೆ.

ಬಾಕಾಗಳು ದಟ್ಟ ಮಳೆಕಾಡಿನವರು. ಮರಕ್ಕೇನು ಬರ, ಡೋಲೂ ಇದೆ. ಆದರೂ ಈ ಹೆಂಗಸರು ಹೊಳೆಗಿಳಿದು ಸೊಂಟದುದ್ದ ನೀರಲ್ಲಿ ನಿಂತು ನೀರನ್ನೇ ಬಾರಿಸುತ್ತಾರೆ. ಅಂಗೈ ಬಟ್ಟಲು ಮಾಡಿ ನೀರಿಗೆ ಹೊಡೆದಾಗ ಒಳಗೆ ಸಿಕ್ಕಿಕೊಂಡ ಗಾಳಿಯಿಂದ ಗುಂ ಅನ್ನುವ ಸದ್ದು, ಚಪ್ಪಟೆ ಕೈಯಿಂದ ಬಡಿದರೆ ಚಟ್ ಅನ್ನುವ ಸದ್ದು. ಮೂರ್ನಾಲ್ಕು ಜನ ಸೇರಿದರೆ ತಬಲಾ, ಮೃದಂಗ ನುಡಿಸಿದಂತೆಯೇ. ಡೋಲಿದ್ದೂ ನೀರನ್ನು ಬಾರಿಸುವುದು ಯಾಕೆ? ಹೊಳೆ ಇದೆ, ಸ್ನಾನಕ್ಕೆ ಗೆಳತಿಯರೆಲ್ಲ ಬಂದಿದ್ದಾರೆ, ಖುಷಿಯಾಗುತ್ತದೆ. ಸುತ್ತಮುತ್ತಲು ಕೈಗೆ ಏನೇನೋ ಕೊಡುತ್ತದೆ, ಅದರಲ್ಲಿ ಯಾವುದನ್ನು ಎತ್ತಿಕೊಳ್ಳಬೇಕು ಅನ್ನುವುದು ಜನರ ಆಯ್ಕೆ. (ಇದನ್ನು ಬಕೆಟ್ಟಿನಲ್ಲಿ ಮಾಡಿಸಬಹುದು. ಈಜುಕೊಳ ಇದ್ದರೆ ಇನ್ನೂ ಚೆನ್ನ. ಮನೆಯ ಬಚ್ಚಲಲ್ಲಿ ಮಾಡಿಸಿದರೆ ಒರೆಸುವ ಕೆಲಸ ನಿಮ್ಮದು.)

ಅದೇ ಕಾಡುಗಳ ಆಚೆ ಬದಿಯಲ್ಲಿ, ಮಧ್ಯ ಆಫ್ರಿಕಾ ಗಣರಾಜ್ಯದ ಕಡೆ ಇರುವ ಆಕಾ ಜನರ ಹಾಡುಗಾರಿಕೆಯನ್ನು ಯುನೆಸ್ಕೊ 2003ರಲ್ಲೇ ಗುರುತಿಸಿದೆ. ಒಬ್ಬರು ಹಾಡಿ ಉಳಿದವರು ಅದನ್ನೇ ತಿರುಗಿ ಹೇಳುವ ನಮ್ಮ ಭಜನೆಯ ಕ್ರಮ ಅದರಲ್ಲಿಲ್ಲ. ಏಕಕಾಲಕ್ಕೆ ಒಬ್ಬೊಬ್ಬರದೂ ಒಂದೊಂದು ಧಾಟಿ, ಹಾಡುತ್ತಾ ಹಾಡುತ್ತಾ ಬದಲಾಯಿಸುತ್ತಾರೆ, ಆದರೂ ಎಲ್ಲ ಕೂಡಿಕೊಳ್ಳುತ್ತದೆ. ಹತ್ತು ಹೆಜ್ಜೆ ಆಚೆ ಏನಿದೆ ಅಂತ ಕಾಣದ ಕಾಡಿನಲ್ಲಿ ಕಣ್ಣಿಗಿಂತ ಕಿವಿ ಜಾಸ್ತಿ ಕೆಲಸ ಮಾಡುತ್ತದೆ. ಈ ಜನರಲ್ಲಿ ಎಲ್ಲರ ಮೇಲೆ ಅಧಿಕಾರ ಚಲಾಯಿಸುವ ರಾಜ, ಯಜಮಾನ ಅಂತ ಯಾರೂ ಇಲ್ಲ, ಹಾಡಿನಲ್ಲೂ ಇಲ್ಲ. ಮಕ್ಕಳಿಗೆ ಇದನ್ನು ವಿವರಿಸುವುದು ಕಷ್ಟ, ಮಾಡಿಸುವುದು ಸುಲಭ. ಕಣ್ಣು ಮುಚ್ಚಿಸಿ, ಒಬ್ಬೊಬ್ಬರಿಗೆ ಎರಡೇ ಸ್ವರ ಕೊಟ್ಟು, ಬೇರೆಯವರ ಸಂದಿಯಲ್ಲಿ ನಿಮ್ಮದನ್ನು ಹಾಕಿ ಅನ್ನಿ. ಯಾರು ಜಾಸ್ತಿ ಕಿರುಚುತ್ತಾರೋ ಅವರಿಂದ ಹಾಡು ಕೆಡುತ್ತದೆ ಅಂತ ಅವರಿಗೇ ಗೊತ್ತಾಗುತ್ತದೆ.

ಇನ್ನು ಮಾತಾಡುವ ಡೋಲು. ನೈಜೀರಿಯಾದ ಯೊರುಬಾ ಜನರ ದುಂದುನ್. ನೋಡಲು ನಮ್ಮ ಡಮರುವಿನ ದೊಡ್ಡಣ್ಣ, ನಡು ಸಣ್ಣ, ಎರಡೂ ಕಡೆ ಆಡಿನ ಚರ್ಮ, ಉದ್ದಕ್ಕೂ ಹುರಿ ಬಿಗಿದಿರುತ್ತದೆ. ಕಂಕುಳಲ್ಲಿ ಇಟ್ಟು ಹುರಿ ಒತ್ತಿದರೆ ಸದ್ದು ಮೇಲೇರುತ್ತದೆ, ಬಿಟ್ಟರೆ ಇಳಿಯುತ್ತದೆ. ಇದನ್ನು ಬಾರಿಸಿ ಊರಿಗೆ ಬಂದವರ ಹೆಸರು ಕರೆಯುತ್ತಾರೆ, ಹೊಗಳುತ್ತಾರೆ, ಗಾದೆ ಹೇಳುತ್ತಾರೆ. ಹೇಗೆ ಸಾಧ್ಯ? ಉತ್ತರ ಇರುವುದು ಭಾಷೆಯಲ್ಲಿ. ಯೊರುಬಾದಲ್ಲಿ ಸ್ವರದ ಏರಿಳಿತ ಬದಲಾದರೆ ಅರ್ಥವೇ ಬದಲು. "ಒಕೊ" ಎಂಬ ಒಂದೇ ಪದವನ್ನು ಒಂದು ಧಾಟಿಯಲ್ಲಿ ಹೇಳಿದರೆ ಗಂಡ, ಇನ್ನೊಂದರಲ್ಲಿ ಗುದ್ದಲಿ, ಮತ್ತೊಂದರಲ್ಲಿ ಗಾಡಿ. ಮೇಲೆ, ನಡು, ಕೆಳಗೆ, ಹೀಗೆ ಮೂರು ಮಟ್ಟ ಆ ಭಾಷೆಯಲ್ಲಿವೆ, ಡೋಲು ಆ ಮೂರನ್ನೂ ನುಡಿಸುತ್ತದೆ. ಕನ್ನಡ ಆ ಥರದ ಭಾಷೆಯಲ್ಲ. "ಗಂಡ"ನನ್ನು ಯಾವ ಧಾಟಿಯಲ್ಲಿ ಕರೆದರೂ ಗಂಡನೇ, ಗುದ್ದಲಿ ಆಗುವುದಿಲ್ಲ. ಹಾಗಾಗಿ ನಮ್ಮಲ್ಲಿ ಡೊಳ್ಳು ಎಷ್ಟೇ ಜೋರಾಗಿ ಬಾರಿಸಿದರೂ ವಾಕ್ಯ ಹೇಳಲಾರದು. ಮಕ್ಕಳಿಗೆ ಬಾಯಿ ಮುಚ್ಚಿ ಬರೀ ಗುನುಗಿ ಒಂದು ವಾಕ್ಯ ಹೇಳಿಸಿ ನೋಡಿ. "ಊಟ ಆಯ್ತಾ" ಅನ್ನುವುದು ಪಕ್ಕದವರಿಗೆ ತಿಳಿದುಬಿಡುತ್ತದೆ, ಬೇರೆ ವಾಕ್ಯಗಳು ಪೂರ್ತಿ ಫ್ಲಾಪ್.

ಘಾನಾದ ಅಕಾನ್ ಜನರಲ್ಲಿ ಮಾತಾಡುವ ಡೋಲು ಜೋಡಿಯಾಗಿರುತ್ತದೆ. ಬಾರಿಸುವ ಮುಂಚೆ ಡೋಲುಗಾರ ಅದು ಯಾವ ಮರದಿಂದ ಬಂತೋ ಆ ಟ್ವೆನೆಬೋವಾ ಮರವನ್ನು ಡೋಲಿನ ಭಾಷೆಯಲ್ಲೇ ಕರೆಯುತ್ತಾನೆ. ಆಯುಧಪೂಜೆ ನೋಡಿ ಬೆಳೆದ ನಮ್ಮ ಮಕ್ಕಳಿಗೆ ಇದು ಏನೇನೂ ವಿಚಿತ್ರ ಅನ್ನಿಸಲಿಲ್ಲ.

ವಾದ್ಯಗಳ ಬಗ್ಗೆ ಬರೆಯುತ್ತಾ ಹೋದರೆ ಮುಗಿಯುವುದಿಲ್ಲ, ಎರಡು ಮಾತ್ರ ಹೇಳುತ್ತೇನೆ. ಪಶ್ಚಿಮ ಆಫ್ರಿಕಾದ ಬಾಲಫೋನ್ ಅಂದರೆ ಮರದ ಪಟ್ಟಿಗಳ ಕೆಳಗೆ ಒಣ ಸೋರೆಬುರುಡೆ ತೂಗುಹಾಕಿದ ವಾದ್ಯ. ಬುರುಡೆಗೆ ತೂತು ಮಾಡಿ ಅದರ ಮೇಲೆ ಜೇಡ ಮೊಟ್ಟೆ ಇಡುವ ಚೀಲದ ತೆಳು ಪೊರೆಯನ್ನು ಅಂಟಿಸುತ್ತಿದ್ದರು, ಜುಂಯ್ ಅನ್ನುವ ನಡುಕ ಬರಲಿ ಅಂತ. ಜಿಂಬಾಬ್ವೆಯ ಶೋನಾ ಜನರ ಎಂಬಿರಾ ವಾದ್ಯದಲ್ಲಿ ಕಬ್ಬಿಣದ ನಾಲಿಗೆಗಳನ್ನು ಹೆಬ್ಬೆರಳಿಂದ ಮೀಟುತ್ತಾರೆ, ಅದಕ್ಕೂ ಹಿಂದೆ ಬಸವನಹುಳುವಿನ ಚಿಪ್ಪು ಕಟ್ಟುತ್ತಿದ್ದರು, ಈಗ ಬಾಟಲಿ ಮುಚ್ಚಳ. ಶುದ್ಧ ಸ್ವರಕ್ಕೆ ಯಾಕೆ ಕರಕರ ಸೇರಿಸುತ್ತಾರೆ ಅಂತ ಒಬ್ಬಳಿಗೆ ಅನುಮಾನ. ಅವಳು ಸಂಗೀತ ಕಲಿಯುತ್ತಾಳೆ. ನಿಮ್ಮ ಟೀಚರ್ ತಂಬೂರಿಯ ತಂತಿ ಕೆಳಗೆ ದಾರ ಯಾಕೆ ಇಡುತ್ತಾರೆ ಅಂತ ಕೇಳಿಕೊಂಡು ಬಾ ಅಂದೆ. ಮರುದಿನ ಓಡಿ ಬಂದಳು, "ಅಕ್ಕಾ, ಜೀವಾಳ!" ತಂಬೂರಿಗೆ ಆ ಝೇಂಕಾರ ಕೊಡುವ ದಾರದ ಹೆಸರೇ ಅದು.

ರೈತರ ಕುಣಿತ ಒಂದಾದರೂ ಇರಲಿ ಅಂತ ಮಾಲಿ ದೇಶದ ಬಮಾನಾ ಜನರ ಚಿವಾರಾ ಸೇರಿಸಿದ್ದೇನೆ. ಮನುಷ್ಯರಿಗೆ ಬೇಸಾಯ ಕಲಿಸಿದ್ದು ಚಿವಾರಾ ಎಂಬ ಅರ್ಧ ಪ್ರಾಣಿ ಎಂಬುದು ಅವರ ಕಥೆ. ತಲೆಯ ಮೇಲೆ ಜಿಂಕೆಯಂಥ ಕೊಂಬಿನ ಮರದ ಕೆತ್ತನೆ, ಮೈತುಂಬ ನಾರಿನ ಹೊದಿಕೆ, ಎರಡೂ ಕೈಯಲ್ಲಿ ಕೋಲು ಊರಿಕೊಂಡು ಪೂರ್ತಿ ಬಗ್ಗಿಯೇ ಕುಣಿಯುತ್ತಾರೆ. ಗಂಡು, ಹೆಣ್ಣು ಜೋಡಿಯಾಗಿಯೇ ಬರಬೇಕು. ಕೆತ್ತನೆಯಲ್ಲಿ ಜಿಂಕೆಯ ಜೊತೆ ನೆಲ ತೋಡುವ ಪ್ರಾಣಿಗಳ ಮೈಯೂ ಬೆರೆತಿರುತ್ತದೆ, ಚಿಪ್ಪುಹಂದಿಯಂಥವು. ಎರಡು ನಿಮಿಷ ಹಾಗೆ ಬಗ್ಗಿ ನಡೆಯಿರಿ ಅಂದರೆ ಮಕ್ಕಳು ಸೊಂಟ ಹಿಡಿದುಕೊಂಡು ಕೂಗುತ್ತಾರೆ. ಅಜ್ಜಿ ಊರಲ್ಲಿ ನಾಟಿ ಮಾಡುವವರು ಎಷ್ಟು ಹೊತ್ತು ಬಗ್ಗಿರುತ್ತಾರೆ ಅಂತ ಆಮೇಲೆ ಕೇಳುತ್ತೇನೆ.

ನೀರು ಬಂದಾಗ ಊರೇ ಕದಲುವ ಕಥೆಯೂ ಮಕ್ಕಳಿಗೆ ಇಷ್ಟ. ಜಾಂಬಿಯಾದ ಪಶ್ಚಿಮದಲ್ಲಿ ಜಾಂಬೆಜಿ ನದಿ ಮಳೆಗಾಲದ ಕೊನೆಗೆ ಉಕ್ಕಿ ಬಯಲನ್ನೆಲ್ಲ ಮುಳುಗಿಸುತ್ತದೆ. ಆಗ ಲೋಜಿ ಜನರ ರಾಜ ಲೆಯಾಲುಯಿ ಎಂಬ ಊರಿನ ಅರಮನೆ ಬಿಟ್ಟು ಎತ್ತರದ ಲಿಮುಲುಂಗಾಕ್ಕೆ ದೋಣಿಯಲ್ಲಿ ಹೋಗುತ್ತಾನೆ. ಕಪ್ಪು ಬಿಳಿ ಪಟ್ಟೆಯ ದೊಡ್ಡ ದೋಣಿ, ಮೇಲೆ ಆನೆಯ ಬೊಂಬೆ. ಹಿಂದಿನ ರಾತ್ರಿಯೇ ಅರಮನೆಯ ಭಾರಿ ಡೋಲುಗಳು ಬಾರಿಸಿ ಎಲ್ಲರನ್ನೂ ಕರೆಯುತ್ತವೆ. ಹುಟ್ಟು ಹಾಕುವವರ ಕೈ ಒಂದೇ ತಾಳಕ್ಕೆ ಏಳಬೇಕು, ಬೀಳಬೇಕು. ಇದರ ಹೆಸರು ಕುವೊಂಬೊಕಾ, ಅಂದರೆ ನೀರಿನಿಂದ ಹೊರಗೆ ಬರುವುದು. ನೆರೆ ಬಂತು ಅಂತ ನಾವು ಟಿವಿಯಲ್ಲಿ ನೋಡುತ್ತೇವಲ್ಲ, ಅವರು ಅದಕ್ಕೇ ಒಂದು ಹಬ್ಬ ಮಾಡಿಕೊಂಡಿದ್ದಾರೆ.

ಇಷ್ಟೆಲ್ಲ ಹೇಳಿದ ಮೇಲೆ ಮಕ್ಕಳಿಗೆ ಇದೆಲ್ಲ ಯಾವುದೋ ಹಳೇ ಕಾಲದ್ದು ಅನ್ನಿಸಿಬಿಡಬಹುದು. ಅದಕ್ಕೆ ಮದ್ದು ಗುಲೆ ವಾಂಕುಲು. ಮಲಾವಿ, ಜಾಂಬಿಯಾ, ಮೊಜಾಂಬಿಕ್‌ನಲ್ಲಿರುವ ಚೆವಾ ಜನರ ಮುಖವಾಡ ಕುಣಿತ ಇದು, ಸುಗ್ಗಿ ಮುಗಿದ ಮೇಲೆ ಜುಲೈ ಹೊತ್ತಿಗೆ ಜೋರು. ಮರ, ಹುಲ್ಲಿನಲ್ಲಿ ಮಾಡಿದ ವೇಷಗಳು. ಕಾಡುಪ್ರಾಣಿ ಬರುತ್ತದೆ, ಸತ್ತವರ ಆತ್ಮ ಬರುತ್ತದೆ, ಗುಲಾಮರನ್ನು ಹಿಡಿದು ಮಾರುತ್ತಿದ್ದವನು ಬರುತ್ತಾನೆ. ಅವರ ಹಿಂದೆಯೇ ಹೋಂಡಾ ಬೈಕ್ ಬರುತ್ತದೆ, ಹೆಲಿಕಾಪ್ಟರ್ ಬರುತ್ತದೆ! ಊರಿನ ಸುತ್ತಮುತ್ತ ಓಡಾಡಿದ್ದೆಲ್ಲ ವೇಷವಾಗಿ ಒಳಗೆ ಬಂದಿದೆ. ಹೆಲಿಕಾಪ್ಟರ್ ಮುಖವಾಡ ಮಾಡುವ ದಿನ ಶಿಬಿರಕ್ಕೆ ಒಂದು ಮಗುವೂ ಗೈರುಹಾಜರಾಗುವುದಿಲ್ಲ.

"ನಮ್ಮ ರಾಜ್ಯದಲ್ಲೂ ಆಫ್ರಿಕಾ ಮೂಲದವರು ಇದ್ದಾರಂತೆ ಅಲ್ವಾ?" ಎಂಬ ಪ್ರಶ್ನೆ ಮಕ್ಕಳಿಗಿಂತ ಅಪ್ಪ ಅಮ್ಮಂದಿರಿಂದ ಬರುತ್ತದೆ. ಇದ್ದಾರೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆಯ ಸಿದ್ದಿಗಳು. ಅವರ ಡಮಾಮಿ ಕುಣಿತವನ್ನು ನಾನು ಶಿಬಿರದಲ್ಲಿ ತೋರಿಸುತ್ತೇನೆ, ಆದರೆ "ಆಫ್ರಿಕಾದ ಕುಣಿತ" ಎಂಬ ಚೀಟಿ ಅಂಟಿಸಿ ತೋರಿಸುವುದಿಲ್ಲ. ನೂರಾರು ವರ್ಷದ ಹಿಂದೆ ಗುಲಾಮರಾಗಿ ಪಶ್ಚಿಮ ಕರಾವಳಿಗೆ ತಂದವರ ಮಕ್ಕಳು ಮೊಮ್ಮಕ್ಕಳು ಅವರು. ಉತ್ತರ ಕನ್ನಡದ ಕಾಡಂಚಿನಲ್ಲಿ ಬಾಳಿದವರು, ಕೊಂಕಣಿ, ಕನ್ನಡ ಆಡುವವರು. ಅವರ ಡೋಲಿನ ಸದ್ದಿನಲ್ಲಿ ಯಲ್ಲಾಪುರವೂ ಇದೆ. ಅವರನ್ನು ವೇದಿಕೆಗೆ ಕರೆದು ಸೊಪ್ಪು ಉಡಿಸಿ ನಿಲ್ಲಿಸುವವರನ್ನು ಕಂಡರೆ ನನಗೆ ಮಗನ ಮುಖದ ಮಸಿ ನೆನಪಾಗುತ್ತದೆ.

ಕೊನೆಯ ದಿನ ಆಫ್ರಿಕಾ ಇರುವುದಿಲ್ಲ. ನಿಮ್ಮ ಮನೆಯ ಸುತ್ತಮುತ್ತ ಏನಿದೆ, ಏನಿಲ್ಲ ನೋಡಿಕೊಂಡು ಬಂದು ನಿಮ್ಮದೇ ಎರಡು ನಿಮಿಷದ ಕುಣಿತ ಮಾಡಿ ಅನ್ನುತ್ತೇನೆ. ಕಸದ ಗಾಡಿಯ ಹಾಡಿಗೆ ಬಕೆಟ್ ಹಿಡಿದು ಓಡುವ ಕುಣಿತ ಪ್ರತಿ ವರ್ಷ ಗ್ಯಾರಂಟಿ. ಕುಕ್ಕರ್ ವಿಷಲ್ ಇರುತ್ತದೆ, ಬೋರ್‌ವೆಲ್ ಕೊರೆಯುವ ಲಾರಿ ಇರುತ್ತದೆ. ಈ ಸಲ 9 ವರ್ಷದ ಒಬ್ಬಳು ಬಂದು ಬರಿಗಾಲಲ್ಲಿ ನಿಂತಳು. ಎರಡು ನಿಮಿಷವೂ ಕಾಲು ಬೆರಳ ತುದಿಯಲ್ಲೇ, ಒಂಚೂರೂ ಸದ್ದಿಲ್ಲದೆ, ಕೈಗಳನ್ನು ಮಾತ್ರ ಗಿರಗಿರ ತಿರುಗಿಸುತ್ತಾ ಕುಣಿದಳು. ಇದು ಹಾಸ್ಟೆಲಿನವರ ಕುಣಿತ ನೋಡಿ ಮಾಡಿದ್ದಾ ಅಂತ ಕೇಳಿದೆ.

"ಇಲ್ಲ ಅಕ್ಕಾ, ನಮ್ಮನೆ ಮೂರನೇ ಫ್ಲೋರು. ಜಿಗಿದ್ರೆ ಕೆಳಗಡೆ ಮನೆ ಆಂಟಿ ಬಂದು ಬೆಲ್ ಮಾಡ್ತಾರೆ."